ಯತೀಶಣ್ಣನ ಹೆಸರಿಗೆ ಓ

ಗಂಗೊಳ್ಳಿ
14 ನವೆಂಬರ್ 2002

ಪ್ರೀತಿಯ ವನಜತ್ತಿಗೆ,

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಕೂತ ಸೋಮಾರಿ ನಾನು. ಬೈಯುವುದಿದ್ದರೆ ಈಗಲೇ ಬೈದು ಮುಗಿಸು. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಸರಸಕ್ಕನ ಅಂಗಡಿಯ ಫೋನಿನಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಬಂದರಿನ ಐಸ್ ಫ್ಯಾಕ್ಟರಿಗೂ ಸುದ್ದಿ ಮುಟ್ಟುತ್ತದೆ. ಇದು ಅಲ್ಲಿ ನಿಂತು ಹೇಳುವಂಥದ್ದಲ್ಲ.

ನೀನು, ನಿನ್ನ ಅಣ್ಣನ ಮನೆಯವರು ಎಲ್ಲ ಕ್ಷೇಮ ತಾನೇ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಯತೀಶಣ್ಣ ಕಡಲಲ್ಲಿ ಕಾಣೆಯಾದ ಮೇಲೆ ಗಂಜಿ ಮುಟ್ಟದವಳು ಈಗ ಎರಡು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತಾಳೆ. ನನಗೆ ಹೆದರಿಕೆ ಅದರದ್ದೇ.

ಚಿತ್ರ ಎಲ್ಲಿಗೆ ಬಂತು ಅಂತ ನೀನು ಕೇಳಿದ್ದೆಯಲ್ಲ. ಅಂಗಡಿಯ ಬಣ್ಣ ಬಿಟ್ಟೆ ಅತ್ತಿಗೆ. ಕೆಮ್ಮಣ್ಣು ಅರೆದು, ಒಲೆಯ ಮಸಿ ಕಲಸಿ, ಅಮ್ಮನ ಹಳೇ ಸೀರೆಯ ಮೇಲೆ ಬರೆಯುತ್ತಿದ್ದೇನೆ. ಜನವರಿಗೆ ಉಡುಪಿಯಲ್ಲಿ ನಮ್ಮ ಚಿತ್ರದ ಕ್ಲಾಸಿನವರ ಪ್ರದರ್ಶನ. ಎಲ್ಲರದ್ದೂ ಸೂರ್ಯ ಮುಳುಗುವುದು, ದೋಣಿ, ತೆಂಗಿನಮರ. ನನಗೆ ಹಾಡನ್ನೇ ಬರೆಯಬೇಕು ಅನ್ನಿಸಿತು. ಗದ್ದೆಯಲ್ಲಿ ನೆಟ್ಟಿ ಮಾಡುವಾಗಿನ ಹಾಡು ಕೇಳಿದರೆ ನನಗೆ ನೀರಿನಂಥ ತೆಳು ಅಡ್ಡಗೆರೆ ಕಾಣುತ್ತದೆ. ಬಲೆ ಎಳೆಯುವ ಹಾಡೋ, ದಪ್ಪ ಗೆರೆ, ನಡುನಡುವೆ ಗಂಟು. ನಗಬೇಡ ಮಾರಾಯ್ತಿ, ನಿಜವಾಗಿ ಹಾಗೇ ಕಾಣುವುದು.

ಅದಕ್ಕೇ ಪ್ರೇಮಾನಂದ ಮಾಸ್ಟ್ರ ಟೇಪ್ ರೆಕಾರ್ಡರ್ ಕೇಳಿ ತಂದು ತ್ರಾಸಿಯ ಚಂದಯ್ಯಜ್ಜನ ಹತ್ತಿರ ಹೋದೆ. ಅಣ್ಣ ಹದಿನೈದರಲ್ಲಿ ಮೊದಲು ಬಲೆ ಹಗ್ಗ ಹಿಡಿದದ್ದು ಇವನ ತಂಡದಲ್ಲೇ. ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆಗೆ ಇವನೇ ಹಾಡುಗಾರ. ಈಗ ಕಣ್ಣು ಪೂರ್ತಿ ಹೋಗಿದೆ, ಗಂಟಲು ಮಾತ್ರ ಹಾಗೇ ಇದೆ.

ಹಾಡಿನ ಕಟ್ಟು ಹೀಗೆ. ಅಜ್ಜ ಹಗ್ಗ ಹಿಡಿದವರ ಹೆಸರು ಒಂದೊಂದಾಗಿ ಕೂಗುತ್ತಾನೆ. ಕೂಗಿಸಿಕೊಂಡವನು "ಓ" ಎಂದು ಮೈಭಾರ ಹಿಂದಕ್ಕೆ ಹಾಕಬೇಕು. ಓ ಬಾರದೆ ಮುಂದಿನ ಹೆಸರಿಲ್ಲ. "ಓ ಅಂಬೋರ್ ಇಲ್ದಿರೆ ಹಗ್ಗ ಬತ್ತಿಲ್ಲ ಹೆಣ್ಣೇ" ಅಂದ ಅಜ್ಜ. ಇನ್ನೊಂದು ಮಾತೂ ಹೇಳಿದ. ಕಡಲಿಗೆ ಹೋಗಿ ಮರಳದವನ ಹೆಸರನ್ನು ಅವನ ಬೊಜ್ಜ ಮುಗಿಯುವ ತನಕ ಹಾಡಿನಿಂದ ತೆಗೆಯುವಂತಿಲ್ಲವಂತೆ. ಉತ್ತರಕ್ರಿಯೆ ಆಗದವನು ಇನ್ನೂ ತಂಡದವನೇ.

ಉರಿಬಿಸಿಲ ಮಧ್ಯಾಹ್ನ. ದಡದಲ್ಲಿ ಅಜ್ಜ, ನಾನು, ಇಬ್ಬರೇ. ತೆಂಗಿನ ಮರಕ್ಕೆ ಹಗ್ಗ ಕಟ್ಟಿಸಿ ಹಿಡಿದು ನಿಂತ. ಹಗ್ಗವಿಲ್ಲದೆ ಹಾಡು ಬಾಯಿಗೆ ಬರುವುದಿಲ್ಲವಂತೆ. "ಶೀನಾ ಬಾರೋ, ಹಗ್ಗ ಹಿಡಿಯೋ" ಅಂದ. ಶೀನ ಇರುವುದು ಮುಂಬಯಿಯಲ್ಲಿ. ಅವನ ಬದಲು ನಾನೇ ಓ ಕೊಟ್ಟೆ, ಬೆಕ್ಕು ಕೂಗಿದ ಹಾಗೆ. ಐದು ಹೆಸರಿಗೂ ಹಾಗೇ ಆಯಿತು. ಆರನೆಯದು "ಯತೀಶಾ ಬಾರೋ." ನನ್ನ ಗಂಟಲು ಕಟ್ಟಿತು.

ಮನೆಗೆ ಬಂದು ಕ್ಯಾಸೆಟ್ ಹಾಕಿದೆ. ಅಮ್ಮ ಬಂಗುಡೆ ಕೊಯ್ಯುತ್ತಿದ್ದಳು. ಅಜ್ಜ ಅಣ್ಣನ ಹೆಸರು ಕೂಗಿದ್ದು ಬಂತು. ಆಮೇಲೆ ಬರೀ ಗಾಳಿ, ತೆರೆ. ಆಮೇಲೆ ಉದ್ದಕ್ಕೆ, ಮೂಗಿನಿಂದ, ಕೊನೆಗೆ ಸ್ವಲ್ಪ ಜಾರುವ ಒಂದು "ಓ." ಅಮ್ಮನ ಕತ್ತಿ ನಿಂತಿತು. "ಇನ್ನೊಂದ್ ಸಲ ಹಾಕ್" ಅಂದಳು. ಏಳು ಸಲ ಹಾಕಿಸಿದಳು. "ಅದ್ ನನ್ ಮಗ. ಹೆತ್ತೋಳಿಗ್ ಗೊತ್ತಾತಿಲ್ಯಾ?" ಎಂದು ಮೀನಿನ ಕೈಯಲ್ಲೇ ಟೇಪನ್ನು ಎತ್ತಿ ಎದೆಗೆ ಅವಚಿಕೊಂಡಳು.

ಈಗ ಅವಳೇ ಟೇಪ್ ಹಿಂದೆ ಸುತ್ತಲು ಕಲಿತಿದ್ದಾಳೆ. ಸರಿಯಾಗಿ ಆ ಜಾಗಕ್ಕೆ ನಿಲ್ಲಿಸಿ, "ಉಂಡ್ಯಾ ಮಗಾ?" ಎಂದು ಕೇಳಿ ಗುಂಡಿ ಒತ್ತುತ್ತಾಳೆ. ಓ. ಮತ್ತೆ ಹಿಂದೆ ಸುತ್ತುತ್ತಾಳೆ. "ಚಳಿ ಆತ್ತಾ?" ಓ. "ನಮ್ಮನಿಗ್ ಬತ್ಯಾ?" ಓ. ನಾನು ಪಕ್ಕದಲ್ಲಿ ಕೂತು ಮಣ್ಣು ಅರೆಯುತ್ತಿರುತ್ತೇನೆ. ಎದ್ದು ಹೋಗುವ ಧೈರ್ಯವಿಲ್ಲ ಅತ್ತಿಗೆ.

ಡಿಸೆಂಬರ್ ಎರಡಕ್ಕೆ ಇಟ್ಟ ಬೊಜ್ಜವನ್ನು ಅಮ್ಮ ನಿಲ್ಲಿಸಿದ್ದಾಳೆ. ಅಮ್ಮನ ತಮ್ಮ ಚಂದುಮಾವ ಬಂದು, "ಅಕ್ಕ, ಹದಿನಾಲ್ಕ್ ತಿಂಗ್ಳಾಯ್ತ್. ದೋಣಿ ಹಲಗಿ ಸೈತ ಸಿಕ್ಲಿಲ್ಲ. ಆ ಹೆಣ್ಣ್ ವನಜ ಎಷ್ಟ್ ದಿನ ಹೀಂಗೇ ಇಪ್ಪುದ್?" ಎಂದು ಜಗಳ ತೆಗೆದ. ಅಮ್ಮ ಟೇಪ್ ಹಾಕಿದಳು. ಮಾವನ ಮುಖ ಬಿಳಿಚಿತು. "ಅಲ್ಲ್ ಯಾರ್ ಇದ್ದಿದ್ರ್?" ಎಂದು ನನ್ನನ್ನು ಕೇಳಿದ. ಅಜ್ಜ, ನಾನು ಅಂದೆ. ಮಾವ ಚಾ ಕುಡಿಯದೆ ಹೋದ.

ನಿನ್ನ ಕಾಗದ ನನ್ನ ತಲೆದಿಂಬಿನಡಿ ಇದೆ. ಬೆಳಿಗ್ಗೆ ಕುಂಕುಮ ಇಡುವಾಗ ಕೈ ಅರ್ಧದಲ್ಲೇ ನಿಲ್ಲುತ್ತದೆ, ನಾನು ಹೆಂಡತಿಯೋ ವಿಧವೆಯೋ ಯಾರಾದರೂ ಒಂದು ಹೇಳಿಬಿಡಿ ಅಂತ ಬರೆದಿದ್ದೀಯಲ್ಲ, ಅದು. ಅಮ್ಮ ಎದುರು ಕೂತು ಬರೆಸಿದ ಉತ್ತರ ಇದು: "ಅಂವ ಈಗ್ಲೂ ಇದ್ದ. ವನಜ ಬೊಜ್ಜಕ್ಕಂತ ರೈಲ್ ಹತ್ತುದ್ ಬ್ಯಾಡ. ಬಳಿ ತೆಗುದ್ ಬ್ಯಾಡ, ಕುಂಕುಮ ಅಳ್ಸುದ್ ಬ್ಯಾಡ." ಅವಳು ಹೇಳಿದ್ದನ್ನು ಬರೆದಿದ್ದೇನೆ.

ಮೈ ಕಡೆ ನೋಡಿಕೋ. ನಮ್ಮ ಕುಲದ ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ನಾದಿನಿ,
ಅಮಿತಾ

ತಾ.ಕ.: ಅಮ್ಮ ಎದ್ದು ಹೋದಳು. ಅತ್ತಿಗೆ, ಆ ಓ ನನ್ನದು.

ಗಂಟಲು ಕಟ್ಟಿದ್ದು ನಿಜ. ಅಜ್ಜ ಕಾದ. ಹಗ್ಗ ಬಿಡಲಿಲ್ಲ, ಮುಂದಿನ ಹೆಸರಿಗೂ ಹೋಗಲಿಲ್ಲ. ಓ ಕೊಟ್ಟುಬಿಟ್ಟೆ. ಬಾಯಿಂದ ಬಂದದ್ದು ಅಣ್ಣನ ದನಿ. ಅವನು ಶಾಲೆ ತಪ್ಪಿಸಿ ಅಳಿವೆಗೆ ಓಡಿದ ದಿನಗಳಲ್ಲಿ ಅಮ್ಮ ಅವನನ್ನು ಕರೆದರೆ ಒಳಕೋಣೆಯಿಂದ ಹಾಗೇ ಓ ಅನ್ನುತ್ತಿದ್ದವಳು ನಾನು. ಮೊದಲ ದಿನವೇ ಅಮ್ಮನಿಗೆ ಹೇಳಬೇಕಿತ್ತು. ಅವತ್ತು ಅವಳು ಬಡಿಸಿಕೊಂಡು ಉಂಡಳು. ಅದನ್ನು ನೋಡಿ ಸುಮ್ಮನಾದೆ. ನನ್ನಂಥ ಪಾಪಿ ಇಲ್ಲ.

ಅಣ್ಣ ಹೋದ, ಅತ್ತಿಗೆ. ಬೊಜ್ಜ ಆಗಲೇಬೇಕು. ಮೇಲೆ ಅಮ್ಮ ಬರೆಸಿದ್ದನ್ನು ನಂಬಬೇಡ, ರೈಲು ಹತ್ತು.

ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಟೇಪ್ ನಿಂತಿತು. ಅಮ್ಮ ಅಡುಗೆಮನೆಯಿಂದ "ಯತೀಶಾ" ಎಂದು ಕರೆದಳು. ತಡೆದುಕೊಳ್ಳುವುದರೊಳಗೆ ನಾನು ಓ ಅಂದೆ. ಬಟ್ಟಲು ತಂದು ನನ್ನ ಮುಂದಿಟ್ಟು, ನನ್ನ ಮುಖವನ್ನೇ ನೋಡುತ್ತ, "ಉಣ್ ಯತೀಶಾ, ಮೀನ್ ತಣೀತ್" ಅಂದಳು. ಉಂಡೆ.

ಅವಳು ನನ್ನ ಹೆಸರು ಹಿಡಿದು ಕರೆದು ಎಂಟು ದಿನವಾಯಿತು. ನೀನು ಬಂದ ಕೂಡಲೇ, ಚಪ್ಪಲಿ ಬಿಡುವ ಮೊದಲೇ, ಬಾಗಿಲಲ್ಲಿ ನಿಂತು ಅಮಿತಾ ಎಂದು ಗಟ್ಟಿಯಾಗಿ ಕರಿ. ಅದಕ್ಕೆ ಯಾವ ದನಿಯಲ್ಲಿ ಓ ಅನ್ನುತ್ತೇನೋ ನನಗೇ ಗೊತ್ತಿಲ್ಲ.