ಗೌರಿಹಬ್ಬಕ್ಕೆ ಉಪ್ಪಿಲ್ಲದ ಕೋಡುಬಳೆ

19-8-2006, ಶನಿವಾರ, ಗುಬ್ಬಿ

ಕರ್ಜಿಕಾಯಿ ಇವತ್ತೂ ಎಣ್ಣೆಯಲ್ಲಿ ಬಾಯಿ ಬಿಟ್ಟಿತು. ಕೊಬ್ಬರಿ ಇಲ್ಲದೆ ಹೂರಣ ನಿಲ್ಲುವುದಿಲ್ಲ. ಮದುವೆಮನೆ ಅಡಿಗೆ ಮಾಡಿಕೊಂಡೇ ತಲೆ ನರೆತವನಿಗೆ ಇಷ್ಟಾದರೂ ಗೊತ್ತಿರಬೇಕಿತ್ತು. ಸುತ್ತ ತೆಂಗಿನ ತೋಟ, ನಡುವೆ ಕೊಬ್ಬರಿ ಇಲ್ಲದ ಕರ್ಜಿಕಾಯಿ. ತೋಟದವರಿಗೆ ಗೊತ್ತಾದರೆ ನನಗೆ ಗಡೀಪಾರು.

ಡಯಾಲಿಸಿಸ್ ರೂಮಿನ ಸಿಸ್ಟರ್ ಹೇಳಿದ್ದು ಕಿವಿಯಲ್ಲೇ ಇದೆ. ನಮ್ಮಕ್ಕ ಹನುಮಕ್ಕನಿಗೆ ಉಪ್ಪು ಬೇಡ. ಕೊಬ್ಬರಿ, ಬೆಲ್ಲ, ಎಳ್ಳು, ಕಡಲೆಕಾಯಿ, ಖೋವ ಬೇಡ. ಬೇಳೆ ಕಮ್ಮಿ. ಹಬ್ಬವೇ ಬೇಡ ಅಂದುಬಿಡಿ ಸಿಸ್ಟರ್ ಅಂದೆ. ನಕ್ಕರು. ಆಮೇಲೆ ಅಂಗಡಿಯವನು ಬಿಪಿಗೆ ಒಳ್ಳೆಯದೆಂದು ಕೊಟ್ಟ ಉಪ್ಪಿನ ಪ್ಯಾಕೆಟ್ ತೋರಿಸಿದೆ. ಅವರ ನಗು ನಿಂತುಹೋಯಿತು. ಅದರಲ್ಲಿ ಪೊಟ್ಯಾಶಿಯಂ ತುಂಬಿರುತ್ತದಂತೆ. ಕಿಡ್ನಿ ಕೆಟ್ಟವರ ಹಾರ್ಟೇ ನಿಂತುಬಿಡಬಹುದಂತೆ. ಮೋರಿಗೆ ಎಸೆದು ಬಂದೆ.

ಸಂಜೆ ಚಿರೋಟಿ ರವೆ ಹುರಿದು, ಸಕ್ಕರೆಪುಡಿ, ಏಲಕ್ಕಿ, ಚೂರು ತುಪ್ಪ ಕಲಸಿ ತುಂಬಿದೆ. ನಿಂತಿತು!

21-8, ಸೋಮವಾರ

ಮರಳೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಸೊರಗಿದ್ದಾಳೆ. ಮಂಗಳವಾರ, ಶುಕ್ರವಾರ ಮೆಷಿನ್ನು. ಬೀದಿಯವರಿಗೆ ಹೇಳಿರುವುದು ದೇವಸ್ಥಾನ ಎಂದು. ಈಗ ಅವರ ಲೆಕ್ಕದಲ್ಲಿ ನಮ್ಮಕ್ಕ ಮಹಾಭಕ್ತೆ. ಪಕ್ಕದ ಮನೆಯವಳು ಪ್ರಸಾದ ಕೇಳಿದಳಂತೆ. ಆಸ್ಪತ್ರೆ ಹತ್ತಿರದ ಅಂಗಡಿಯಲ್ಲಿ ಕುಂಕುಮದ ಪೊಟ್ಟಣ ತಂದುಕೊಟ್ಟೆ.

ಯಾಕೆ ಮುಚ್ಚಿಟ್ಟಿರುವುದು ಎಂದರೆ ಮಗಳು ಬಿಂದುಶ್ರೀಗಾಗಿ. ಭಾವ ಹೋದ ಮೇಲೆ ಇರುವುದು ಅವಳೊಬ್ಬಳೇ. ತನ್ನ ಕಿಡ್ನಿ ಕೊಡುತ್ತೇನೆ ಎಂದು ವರ್ಷದಿಂದ ಅವಳ ಹಟ. ನನ್ನ ಕಿಡ್ನಿ ಲೆಕ್ಕಕ್ಕಿಲ್ಲ. ಪಾಕದ ರುಚಿ ನೋಡಿ ನೋಡಿ ಸಕ್ಕರೆ ಕಾಯಿಲೆ. ಡಾಕ್ಟರು ಮೊದಲೇ ಬೇಡ ಅಂದರು.

ಅಕ್ಕನ ಲೆಕ್ಕ ಬೇರೆ. “ಮೊದ್ಲು ಅವ್ಳಿಗೆ ತಾಳಿ ಬೀಳ್ಲಿ ಕಣೋ ಅಡವಿ. ಆಮೇಲೆ ಅತ್ತೆಮನೆಯವ್ರು ಬಿಟ್ರೆ ತಾನೆ ಕೊಡೋದು. ನಾನ್ ಬದುಕಿದ್ದು ಸಾಕು, ಅವ್ಳ ಹೊಟ್ಟೆ ಕುಯ್ಸಲ್ಲ.”

ಕುಣಿಗಲ್‌ನ ಕೃಷ್ಣಕುಮಾರ್ ಜೊತೆ ಮಾತಾಗಿದೆ. ಕಾರ್ತಿಕದಲ್ಲಿ ಮದುವೆ. ಅಲ್ಲಿಯವರೆಗೆ ಯಾರ ಬಾಯಲ್ಲೂ ಕಿಡ್ನಿ ಎನ್ನುವ ಮಾತು ಬರಬಾರದು. ನನ್ನ ಬಾಯನ್ನೇ ಹೆಚ್ಚು ಹೊತ್ತು ನೋಡಿ ಹೇಳಿದಳು.

24-8, ಗುರುವಾರ

ಹೆಂಡತಿ ಚೆನ್ನಮ್ಮನ ಜೊತೆ ಜಗಳ. ಎಲ್ಲ ತಿಂಡಿ ಒಂದೇ ಥರ ಮಾಡುತ್ತೇನೆ ಅಂದೆ. ಅಕ್ಕ ತಿನ್ನುವಂಥದ್ದೇ ಎಲ್ಲರಿಗೂ.

“ಎರಡ್ ಥರ ಮಾಡಿ ಕಣ್ರೀ. ತವರಿನ ತಿಂಡಿ ಬೀದಿಗೆಲ್ಲಾ ಬೀರ್ತಾರೆ. ಉಪ್ಪಿಲ್ದೆ ಇರೋದ್ನ ಹೆಂಗೆ ಕೊಡ್ತಾರೆ?”

ನನಗೆ ಕೋಪ ಬಂತು. ಊರಿಗೊಂದು ಡಬ್ಬ, ಅಕ್ಕನಿಗೊಂದು ಡಬ್ಬ ಎಂದರೆ ಪಂಕ್ತಿಯಿಂದ ಎಬ್ಬಿಸಿ ಮೂಲೆಯಲ್ಲಿ ಎಲೆ ಹಾಕಿದ ಹಾಗೆ. ಗೌರಿಹಬ್ಬದ ದಿನ ಬೇಡ. ನಿಂಬೆಹುಳಿ, ಇಂಗು, ಜೀರಿಗೆ, ಮೆಣಸು ಹಾಕಿದರೆ ಉಪ್ಪಿನ ನೆನಪೇ ಬರುವುದಿಲ್ಲ ಅಂದೆ. ಕಜ್ಜಾಯಕ್ಕೆ ಬೆಲ್ಲದ ಬದಲು ಸಕ್ಕರೆ ಪಾಕ. ಚೆನ್ನಮ್ಮ ಒಂದು ಕೋಡುಬಳೆ ತಿಂದು, ಚೆನ್ನಾಗಿದೆ, ಆದರೂ… ಎಂದು ಎದ್ದು ಹೋದಳು.

ಆದರೂ ಏನು ಎಂದು ಕೇಳಬೇಕಿತ್ತು.

26-8, ಶನಿವಾರ. ಗೌರಿಹಬ್ಬ. ಮರಳೂರಿನಿಂದ ಬಂದು

ಬೆಳಿಗ್ಗೆ ಚೆನ್ನಾಗಿಯೇ ಇತ್ತು. ತವರಿನ ಸೀರೆ, ತಿಂಡಿ ಕೊಟ್ಟೆ. ಅಕ್ಕ ಕೋಡುಬಳೆ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ತಿನ್ನು, ಎಲ್ಲಾ ನಿನಗೆ ಆಗುವಂಥದ್ದೇ ಅಂದೆ. ನೆರೆಹೊರೆಯವರ ಜೊತೆ ಚಾಪೆ ಮೇಲೆ ಕೂತು, ಕಟಂ ಎಂದು ಕಡಿದು ತಿಂದಳು. ಎಷ್ಟು ದಿನವಾಗಿತ್ತು ಹಾಗೆ ಕೂತು.

ಆಮೇಲೆ ಕುಣಿಗಲ್‌ನವರು ಬಂದರು. ಮದುವೆ ಗೊತ್ತಾದ ಹುಡುಗಿಗೆ ಗೌರಿ ಸೀರೆ ಕೊಡುವ ಶಾಸ್ತ್ರ. ಬರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಅಕ್ಕ ಜಂಬದಿಂದ ತವರಿನ ತಿಂಡಿ ಎಂದು ತಟ್ಟೆ ಇಟ್ಟಳು. ಹುಡುಗನ ದೊಡ್ಡಮ್ಮ ಕೋಡುಬಳೆ ಕಡಿದರು. ಕರ್ಜಿಕಾಯಿ ಮುರಿದು ಒಳಗೆ ನೋಡಿದರು. ಕಜ್ಜಾಯದ ಚೂರು ಬಾಯಿಗಿಟ್ಟರು. ತಟ್ಟೆ ಕೆಳಗಿಟ್ಟು ಮೆಲ್ಲಗೆ ಕೇಳಿದರು.

“ಉಪ್ಪಿಲ್ಲ, ಕೊಬ್ರಿ ಇಲ್ಲ, ಬೆಲ್ಲ ಇಲ್ಲ. ನಮ್ಮನೆಯವ್ರು ಇರೋಗಂಟ ನಾನೂ ಹಿಂಗೇ ಮಾಡಿಕ್ತಿದ್ದೆ. ಈ ಮನೇಲಿ ಯಾರ್ಗವ್ವ ಡಯಾಲಿಸಿಸ್ಸು?”

ನನ್ನ ಬಾಯಿ ಮುಂದೆ ಓಡಿತು.

“ನಂಗೇ ಕಣವ್ವ. ಎರಡೂ ಕಿಡ್ನಿ ರಿಟೈರ್ ಆಗವೆ. ಪೆನ್ಷನ್ ಮಾತ್ರ ಬರ್ತಿಲ್ಲ.”

ಎಲ್ಲರೂ ನಕ್ಕರು. ಆಯಮ್ಮ ನಗಲಿಲ್ಲ. ಎಲ್ಲಿ ಕೈ ತೋರಿಸಿ ಅಂದರು. ತೋರಿಸಿದೆ. ಎಣ್ಣೆ ಸಿಡಿದ ಕಲೆ ಬಿಟ್ಟು ಇನ್ನೇನಿದೆ? ಮೆಷಿನ್ನಿಗೆ ಹಾಕುವಾಗ ಸೂಜಿ ಚುಚ್ಚಿದ ಗುರುತಿಲ್ಲ. ಹಗ್ಗದ ಹಾಗೆ ಉಬ್ಬಿದ ನರವಿಲ್ಲ. ಆಯಮ್ಮನ ಕಣ್ಣು ನನ್ನ ಕೈ ಬಿಟ್ಟು ಅಕ್ಕನ ಕಡೆ ಹೋಯಿತು. ಆ ಸೆಖೆಯಲ್ಲಿ ಮಣಿಕಟ್ಟಿನವರೆಗೆ ರವಿಕೆ ತೋಳು. ಅಕ್ಕ ಸೆರಗು ಎಳೆದುಕೊಂಡಳು.

ಅಷ್ಟೇ. ಬಿಂದುಗೆ ಸೀರೆ ಕೊಟ್ಟರು, ಕುಂಕುಮ ಇಟ್ಟರು, ಎದ್ದರು. ಆಯಮ್ಮ ಹೊರಡುವಾಗ ಅಕ್ಕನ ಭುಜ ಸವರಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

3-9, ಭಾನುವಾರ

ಕುಣಿಗಲ್‌ನಿಂದ ಫೋನ್. ಜಾತಕ ಕೂಡಿಬರಲಿಲ್ಲವಂತೆ. ಇಷ್ಟು ದಿನ ಕೂಡಿದ್ದ ಜಾತಕ. ಆಮೇಲೆ ನಿಜ ಹೇಳಿದರು. ಹುಡುಗಿ ನಾಳೆ ಅಮ್ಮನಿಗೆ ಕಿಡ್ನಿ ಕೊಟ್ಟರೆ ನಮ್ಮ ಮನೆಗೆ ಮೊಮ್ಮಕ್ಕಳು ಹೇಗೆ ಎಂದು ಕೇಳಿದರಂತೆ. ಕೃಷ್ಣಕುಮಾರ್ ತುಟಿ ಬಿಚ್ಚಿಲ್ಲ.

ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಾಗಿಲು ತೆಗೆಯುತ್ತಾಳೆ, ಕಾಫಿ ಇಡುತ್ತಾಳೆ, ಒಳಗೆ ಹೋಗುತ್ತಾಳೆ. ಎರಡು ಡಬ್ಬ ಮಾಡಿದ್ದರೆ… ಚೆನ್ನಮ್ಮ ಹೇಳಿದ್ದು ನಾನು ಕೇಳಿದ್ದರೆ… ಊಟಕ್ಕೆ ಕೂತಾಗ ಚೆನ್ನಮ್ಮ ಉಪ್ಪಿನಕಾಯಿ ಬಡಿಸಿದಳು. ತಿನ್ನಲಾಗಲಿಲ್ಲ.

17-9, ಭಾನುವಾರ

ಬಿಂದು ಗುಬ್ಬಿಗೆ ಬಂದಿದ್ದಳು. ಅತ್ತು ಕಣ್ಣು ಊದಿರುತ್ತದೆ ಎಂದುಕೊಂಡಿದ್ದೆ. ಇಲ್ಲ. ಚೆನ್ನಮ್ಮನ ಹತ್ತಿರ ತಲೆ ಬಾಚಿಸಿಕೊಂಡಳು. ಆಮೇಲೆ ನನ್ನ ಪಕ್ಕ ಕೂತು ಹೇಳಿದಳು.

“ಮಾವ, ನೀನ್ ಬೇಜಾರ್ ಮಾಡ್ಕೋಬೇಡ. ಇನ್ ಯಾರ್ನೂ ಕೇಳ್ಬೇಕಾಗಿಲ್ಲ ನಾನು. ಟೆಸ್ಟ್‌ಗೆ ಬ್ಲಡ್ ಕೊಟ್ಟು ಬಂದೆ.”

ಅಕ್ಕ ಯಾವುದನ್ನು ತಡೆಯಲು ಇಷ್ಟೆಲ್ಲ ಮಾಡಿದಳೋ ಅದಕ್ಕೆ ಬಾಗಿಲು ತೆಗೆದವನು ನಾನೇ. ಏನಾದರೂ ತಮಾಷೆ ಹೇಳು ಮಾವ ಅಂದಳು. ಒಂದೂ ಬರಲಿಲ್ಲ.

10-10, ಮಂಗಳವಾರ. ತುಮಕೂರು, ಆಸ್ಪತ್ರೆ ಬೆಂಚಿನ ಮೇಲೆ

ರಿಪೋರ್ಟ್ ಬಂತು. ಮ್ಯಾಚ್ ಆಗಿದೆ. ಬಿಂದು ಕಂಡ ಸಿಸ್ಟರ್‌ಗಳಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾಳೆ.

ಅಕ್ಕ ಮೆಷಿನ್ ಮೇಲಿದ್ದಾಳೆ. ಬೆರಳು ಆಡಿಸಿ ಕರೆದಳು. ಹಬ್ಬ ಆದ ಮೇಲೆ ಇದೇ ಮೊದಲ ಮಾತು.

“ನಾನ್ ಹೇಳಿದ್ರೆ ಕೇಳಲ್ಲ. ನೀನ್ ಬೇಡ ಅಂದ್ರೆ ಕೇಳ್ತಾಳೆ. ಅಷ್ಟು ಮಾಡೋ ಅಡವಿ.”

ಹೂಂ ಎಂದು ಹೊರಗೆ ಬಂದು ಕೂತಿದ್ದೇನೆ. ಬಿಂದು ಕಾಫಿ ತರಲು ಹೋಗಿದ್ದಾಳೆ. ಬರುವಷ್ಟರಲ್ಲಿ ತೀರ್ಮಾನ ಆಗಬೇಕು. ಬೇಡ ಅಂದರೆ ಅಕ್ಕನ ಆಯಸ್ಸಿಗೆ ನಾನೇ ಕತ್ತರಿ ಹಾಕಿದ ಹಾಗೆ. ಸುಮ್ಮನಿದ್ದರೆ, ಇಷ್ಟು ವರ್ಷದಲ್ಲಿ ಅಕ್ಕ ಬಾಯಿಬಿಟ್ಟು ಕೇಳಿದ್ದು ಇದೊಂದೇ, ಅದನ್ನೂ ನಡೆಸಿಕೊಡದ ಹಾಗೆ. ಅವಳಿಗೆ ಒಳ್ಳೆಯದು ಯಾವುದು ಎಂದು ನನಗೇ ಗೊತ್ತು ಅಂದುಕೊಂಡು ಒಂದು ಸಲ ಮಾಡಿ ಆಯಿತಲ್ಲ…

ಬಂದಳು. ಮೆಟ್ಟಿಲ ಹತ್ತಿರ ಇದ್ದಾಳೆ. ಎರಡೂ ಕೈಯಲ್ಲಿ ಲೋಟ. ನನ್ನ ಕಡೆ ನೋಡಿ ನಗುತ್ತಿದ್ದಾಳೆ. ಅವಳಿಗೆ ನಾನು ಹೇಳುವುದು ಏನೆಂದರೆ—