ಮಾತಾಡದೆ ಮುಟ್ಟಿದಾಗ

ಶನಿವಾರ, ಮಧ್ಯಾಹ್ನ

ನನ್ನ ಗಟ್ಟಿಗಿತ್ತಿ ಅಮ್ಮನಿಗೆ,

ಫೋನ್ ಮಾಡಿದರೆ ನೀನು "ಊಟ ಆಯ್ತಾ" ಎಂದು ಶುರು ಮಾಡಿ, ನಾನು ಬಾಯಿ ತೆರೆಯುವುದರೊಳಗೆ "ಸರಿ, ಇಡ್ತೀನಿ" ಎನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಬಾಯಿ ಮುಚ್ಚಿಸುವುದು ನಿನ್ನಿಂದಲೂ ಆಗದು. ಕಾಲು ಚಾಚಿಕೊಂಡು ಕೂತು ಓದು.

ಪಾದ ಪರೀಕ್ಷೆ ಮಾಡುವ ನರ್ಸ್ ಬೆಳಿಗ್ಗೆ ಲ್ಯಾಬಿಗೆ ಬಂದಿದ್ದಳು. "ಅಮ್ಮನೇ ಹೇಳು ಅಂದ್ರು, ಇಲ್ದಿದ್ರೆ ನಾನು ಬಾಯಿ ಬಿಡ್ತಿರಲಿಲ್ಲ" ಎಂದು ಮೊದಲೇ ಸಮಜಾಯಿಷಿ ಕೊಟ್ಟು, ಮಂಗಳವಾರ ನೀನು ಮಾಡಿದ್ದನ್ನೆಲ್ಲ ಹೇಳಿದಳು. ಅಳಬೇಕೋ, ನಿನ್ನನ್ನು ಎತ್ತಿಕೊಂಡು ಕುಣಿಯಬೇಕೋ ತಿಳಿಯಲಿಲ್ಲ. ಕುಣಿಯೋಣವೆಂದರೆ ನಿನ್ನ ತೂಕ ಬೇರೆ!

ಸೋಮವಾರ ಫೋನಿನಲ್ಲಿ ನನ್ನ ಗೋಳು ತೋಡಿಕೊಂಡೆನಲ್ಲ. ಸಕ್ಕರೆ ಕಾಯಿಲೆಯವರ ನರ ಸವೆಯುವಾಗ ಅದರೊಳಗಿನ ಒಂದು ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಅದನ್ನು ಅಳೆದು, ಕಾಲಿಗೆ ಗಾಯವಾಗುವ ಮೊದಲೇ ಎಚ್ಚರಿಸಬಹುದೇ ಎಂದು ನೋಡುವುದು ನನ್ನ ಕೆಲಸ. ನಿನ್ನನ್ನೂ ಸೇರಿಸಿ ನಿಮ್ಮ ಬಸ್ ಡಿಪೋದ ಸಕ್ಕರೆ ಕಾಯಿಲೆಯ ಡ್ರೈವರುಗಳು ಕೊಟ್ಟ ರಕ್ತದಲ್ಲಿ ಒಂದು ಸ್ಯಾಂಪಲ್ ನಮ್ಮನ್ನು ಗೋಳುಹೊಯ್ದುಕೊಳ್ಳುತ್ತಿತ್ತು. ರಕ್ತ ನೋಡಿದರೆ ನರ ಕೆಟ್ಟಿದೆ ಎನ್ನುತ್ತದೆ, ದಾರ ಮುಟ್ಟಿಸಿ ಮಾಡುವ ಪಾದದ ಪರೀಕ್ಷೆ ನೋಡಿದರೆ ಎಲ್ಲ ಸರಿಯಾಗಿದೆ ಎನ್ನುತ್ತದೆ. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾರದೆಂದು ನಮಗೆ ತಿಳಿಯದು. ಅದನ್ನು ಕೈಬಿಡು ಎಂದರು ನಮ್ಮ ಲ್ಯಾಬಿನ ಸರ್. ನಾನು ಜಗಳಕ್ಕೆ ನಿಂತೆ. "ಹಾಗಾದ್ರೆ ನಿನ್ನ ಅಳತೆನೇ ತಪ್ಪು ಅಂತ ಒಪ್ಕೋ" ಎಂದುಬಿಟ್ಟರು. ಇಷ್ಟನ್ನೂ ನಿನಗೆ ಒಪ್ಪಿಸಿದೆ. ನೀನು "ಹೂಂ" ಎಂದೆ, "ಊಟ ಮಾಡಿ ಮಲ್ಕೋ" ಎಂದೆ. ಅಷ್ಟೇ.

ಮಾರನೇ ದಿನ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಕ್ಲಿನಿಕ್ಕಿಗೆ ಹೋದೆಯಂತೆ. "ಹೋದ ಸಲ ನೀನು ದಾರ ಮುಟ್ಟಿಸಿದಾಗೆಲ್ಲ 'ಈಗ ಗೊತ್ತಾಯ್ತಾ' ಅಂತ ಕೇಳ್ತಿದ್ದೆ. ಕೇಳಿದಾಗೆಲ್ಲ ನಾನು ಗೊತ್ತಾಯ್ತು ಅಂದೆ. ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿರಲಿಲ್ಲ. ಈ ಸಲ ಬಾಯಿ ಮುಚ್ಕೊಂಡು ಮುಟ್ಟು" ಎಂದೆಯಂತೆ. ಪಾಪ, ಅದನ್ನು ಹೇಳುವಾಗ ಆ ಹುಡುಗಿಯ ಮುಖ ಸಪ್ಪಗಾಗಿತ್ತು. ಬಂದವರಿಗೆ ಹೆದರಿಕೆಯಾಗದಿರಲಿ ಎಂದು ಮಾತಾಡಿಸುತ್ತಿದ್ದಳಂತೆ. ಅವಳ ಒಳ್ಳೆಯತನವೇ ಎಡವಟ್ಟು ಮಾಡಿತ್ತು.

ಮುಂದಿನದನ್ನೂ ಅವಳೇ ಹೇಳಿದಳು. ನೀನು ಕಣ್ಣು ಮುಚ್ಚಿ ಮಲಗಿದ್ದೆ. ಅವಳು ನೈಲಾನ್ ದಾರದ ತುದಿಯನ್ನು ಬಲಗಾಲಿನ ಹೆಬ್ಬೆರಳಿಗೆ, ಕಿರುಬೆರಳಿಗೆ, ಅಂಗಾಲಿಗೆ ಒಂದೊಂದೇ ಕಡೆ ಒತ್ತುತ್ತ ಹೋದಳು. ಎಲ್ಲ ಮುಗಿಯಿತು. ನೀನು ಸುಮ್ಮನೆ ಮಲಗೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ, "ಯಾಕಮ್ಮಾ, ಇನ್ನೂ ಶುರು ಮಾಡಿಲ್ವಾ?" ಎಂದೆಯಂತೆ.

ಅಮ್ಮಾ, ನಾನು ಫ್ರಿಜ್ಜಿನ ಹಿಂದೆ ಹೋಗಿ ಅತ್ತೆ. ಬಲಗಾಲೆಂದರೆ ಬ್ರೇಕು. ಬ್ರೇಕು ಹೋದರೆ ಬಸ್ಸೂ ಹೋಯಿತು. ನಿನಗೆ ಬಸ್ಸೆಂದರೆ ಏನೆಂದು ನನಗೆ ಗೊತ್ತಿಲ್ಲವೇ? ಡಿಪೋದ ಗಂಡಸರೆಲ್ಲ "ಇವಳು ರಿವರ್ಸ್ ತೆಗೀತಾಳಾ" ಎಂದು ಕೈಕಟ್ಟಿ ನೋಡುತ್ತಿದ್ದ ದಿನ, ಆ ಉದ್ದನೆಯ ಬಸ್ಸನ್ನು ಎರಡು ಕಂಬಗಳ ನಡುವೆ ಸಲೀಸಾಗಿ ತಂದು ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಟೀ ಕುಡಿಯಲು ಹೋದವಳು ನೀನು. ಚಿಕ್ಕಪ್ಪ ಅದನ್ನು ಇವತ್ತಿಗೂ ತಾನೇ ಓಡಿಸಿದವರ ಹಾಗೆ ಹೇಳಿಕೊಂಡು ತಿರುಗುತ್ತಾರೆ. ನೀನು ಸುಮ್ಮನಿದ್ದಿದ್ದರೆ ಆ ಸ್ಯಾಂಪಲ್ಲು ಕಸಕ್ಕೆ ಹೋಗುತ್ತಿತ್ತು, ಬಸ್ಸು ನಿನ್ನ ಕೈಯಲ್ಲೇ ಇರುತ್ತಿತ್ತು. "ಕೆಲಸ ಹೋಗುತ್ತಲ್ಲಮ್ಮಾ" ಎಂದು ನರ್ಸ್ ಕೇಳಿದ್ದಕ್ಕೆ, "ಹಿಂದೆ ಅಷ್ಟೊಂದು ಜನ ಕೂತಿರ್ತಾರೆ ಕಣೇ. ನನ್ನ ಕಾಲು ಜೋಮು ಹಿಡಿದಿದೆ ಅಂತ ಅವರಿಗೆ ಗೊತ್ತಾ?" ಎಂದೆಯಂತೆ. ಅಲ್ಲಿಂದ ಸೀದಾ ಮ್ಯಾನೇಜರ ಹತ್ತಿರ ಹೋಗಿ ಬಸ್ಸಿನ ಕೀ ಮೇಜಿನ ಮೇಲಿಟ್ಟು ಬಂದೆಯಂತೆ. ಯಾರೂ ಕೇಳಿರಲಿಲ್ಲ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಇವತ್ತು ನನಗಿರುವಷ್ಟು ಜಂಬ ಎಂದೂ ಇರಲಿಲ್ಲ.

ಸಂಖ್ಯೆಗಳ ಗುಟ್ಟು ಇಟ್ಟುಕೊಂಡಿರುವವರು ನಿನ್ನ ಒಪ್ಪಿಗೆಯ ಮೇಲೆ ಇವತ್ತು ತೆರೆದು ನೋಡಿದರು. ಆ ಹಠಮಾರಿ ಸ್ಯಾಂಪಲ್ ನಿನ್ನದೇ. ಸರ್ ಬಂದು ಕೈಕುಲುಕಿದರು. ಒಬ್ಬರ ರಕ್ತದಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಎಲ್ಲ ಡ್ರೈವರುಗಳ ಪಾದವನ್ನೂ ಮತ್ತೊಮ್ಮೆ, ಮಾತಾಡದೆ ಪರೀಕ್ಷಿಸುವುದೆಂದು ತೀರ್ಮಾನವಾಗಿದೆ. ನಿನ್ನಿಂದ ಇನ್ನೂ ಯಾರ್ಯಾರ ಕಾಲು ಉಳಿಯುತ್ತದೋ. ಗೆದ್ದೆ ಎನ್ನಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಹೋದ ಸ್ಪರ್ಶ ಮರಳುತ್ತದೆಂದು ಡಾಕ್ಟರು ಮಾತು ಕೊಡುತ್ತಿಲ್ಲ. ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು ಎನ್ನುತ್ತಾರೆ. ಹೊಸ ಡ್ರೈವರುಗಳಿಗೆ ಕಲಿಸುವ ಕೆಲಸ ಕೇಳಿದ್ದೀಯಂತೆ. ಅಯ್ಯೋ, ಆ ಹೊಸಬರ ಗತಿಯೇ! ಬುಧವಾರ ರಜೆ ಹಾಕಿ ಬರುತ್ತೇನೆ. ಬರಿಗಾಲಲ್ಲಿ ಓಡಾಡುವುದು ಕಂಡರೆ ನಿನಗಿದೆ.

ನಿನ್ನ
ಬಾಯಿಬಡುಕಿ

ತಾ.ಕ.: ನೀನಾಗಿ ಕೇಳುವವಳಲ್ಲ, ನಾನೇ ಹೇಳುತ್ತೇನೆ. ಹೋದ ತಿಂಗಳು ನಾನು ಮನೆಗೆ ಬಂದಾಗ ನಿನ್ನ ಬಲಗಾಲಿನ ಚಪ್ಪಲಿ ಹೊಸ್ತಿಲಲ್ಲೇ ಕಳಚಿ ಉಳಿದಿತ್ತು. ನಿನಗೆ ಗೊತ್ತೇ ಆಗದೆ ಗೇಟಿನವರೆಗೂ ನಡೆದೆ. ನಾನು ತಂದು ಕಾಲ ಬಳಿ ಇಟ್ಟೆ, ಇಬ್ಬರೂ ನಕ್ಕೆವು. ಅಂದಿನಿಂದ ನಿನ್ನ ಕಾಲಿನ ಮೇಲೆ ನನಗೆ ಅನುಮಾನ. ಸೋಮವಾರ ನಿನಗೆ ಆ ಸ್ಯಾಂಪಲ್ಲಿನ ಕಥೆ ಹೇಳಿದ್ದು ಬರೀ ಗೋಳಲ್ಲ, ಅಮ್ಮಾ. ನೇರವಾಗಿ ಕೇಳುವ ಧೈರ್ಯ ನನಗಿರಲಿಲ್ಲ. ಆ ಅಳತೆಗಾಗಿ ಸರ್ ಜೊತೆ ಅಷ್ಟೆಲ್ಲ ಜಗಳವಾಡಿದವಳು, ಫೋನಿಟ್ಟ ಮೇಲೆ, ನನ್ನ ಅಳತೆಯೇ ತಪ್ಪಾಗಿರಲಿ ದೇವರೇ ಎಂದು ಬೇಡಿಕೊಂಡೆ.