ತಿದಿ ಹಿಡಿದು ಹೂಗಿಡ ಕೊಂಡದ್ದು

ಅಮ್ಮಾ,

ಎಸ್ಸವೀರಾದಲ್ಲಿ ಈ ಚಳಿಗಾಲವೂ ಕಡಲಗಾಳಿಗೆ ಬಿಡುವಿಲ್ಲ. ಮಾಳಿಗೆಯ ಕುಂಡಗಳಿಗೆ ಬಣ್ಣದ ಹೂ ಬೇಕಿತ್ತು. ನಿನ್ನ ಹಾಗೇ ಇವತ್ತು ಅಡುಗೆಮನೆಯ ಒಲೆ ಊದುವ ತಿದಿ ಹಿಡಿದು ಬೂಜಮಾನ ಸಸಿ ಅಂಗಡಿಗೆ ಹೋಗಿ, ಒಂದೊಂದು ಹೂವಿಗೂ ಗಾಳಿ ಊದಿ ನೋಡಿದೆ. ಅವನು ಹೊಗಳಿ ಹೊಗಳಿ ತೋರಿಸಿದ ನೀಲಿ ಹೂ ಎಸಳೆಲ್ಲ ಉದುರಿಸಿಕೊಂಡು ಬೋಳಾಯಿತು.

“ನಿಮ್ಮಮ್ಮ ಹೋದ್ಮೇಲೆ ಈ ತಿದಿ ಕಾಟ ತಪ್ತು ಅಂದ್ಕೊಂಡಿದ್ದೆ ಕಣವ್ವ!” ಅಂತ ನಕ್ಕ.

ಕೆಂಪು ಹೂವಿನ ಲೋಳೆಸರ ಜಗ್ಗಲಿಲ್ಲ. ಅದನ್ನೇ ಎರಡು ಕುಂಡ ಕೊಂಡೆ.

ನನ್ನ ಮಗಳು ಹಿಬಾ ಮಾತ್ರ ನಾನು ಯಾರೋ ಅನ್ನುವಂತೆ ಪಕ್ಕದ ಅಂಗಡಿಯೆದುರು ನಿಂತಿದ್ದಳು. ಒಂದು ಕಾಲಕ್ಕೆ ಅದು ನನ್ನ ಜಾಗ. ನೀನು ಒಂದು ದಿನವೂ ಗದರಲಿಲ್ಲ.

ನಾನೂ ಗದರಲಿಲ್ಲ. ಒಂದು ಕುಂಡ ಅವಳ ಕೈಗಿಟ್ಟು, ನೀನು ಅನ್ನುತ್ತಿದ್ದುದನ್ನೇ ಅಂದೆ: “ಗಟ್ಟಿ ಹಿಡ್ಕೊಳೇ, ಇಲ್ದಿದ್ರೆ ಗಾಳಿ ನಿನ್ನೇ ಹಾರಿಸ್ಕೊಂಡು ಹೋಗತ್ತೆ.”